ಕುಕ್ಕರಿನ ಹಿಡಿ ಕರಗುವುದಿಲ್ಲ

ಉಡುಪಿಯಲ್ಲಿ ಪಾತ್ರೆ, ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟವನು ನಗಲು ಬೇರೆ ಕಡೆ ಹೋಗಬೇಕಾಗಿಲ್ಲ, ಗಿರಾಕಿಗಳೇ ತಂದುಕೊಡುತ್ತಾರೆ. ನನ್ನ ಹೆಮ್ಮೆ ಒಂದೇ: ಬಿಸಿ ತಡೆಯುತ್ತದೆ ಎಂದು ಹೇಳಿ ಕೊಟ್ಟ ಮಾಲು ತಡೆದೇ ತಡೆಯುತ್ತದೆ. ಆ ಮಾತನ್ನು ಪರೀಕ್ಷಿಸಲು ಜನ ಬರುತ್ತಲೇ ಇರುತ್ತಾರೆ.

ಬೆಸುಗೆ

ಅಲೆವೂರಿನ ಅಕ್ಕ ಒಬ್ಬರು ಸುಟ್ಟು ಕರಿಯಾದ ಕುಕ್ಕರಿನ ಹಿಡಿ ತಂದು ಮೇಜಿನ ಮೇಲೆ ಕುಕ್ಕಿದರು.

"ನಿಮ್ಮದು ಡೂಪ್ಲಿಕೇಟ್ ಮಾಲು! ತುಂಡಾದದ್ದನ್ನು ಅಂಟಿಸಲು ಗ್ಯಾಸಿನ ಮೇಲೆ ಹಿಡಿದರೆ ಕರಗಲೇ ಇಲ್ಲ, ಮನೆ ತುಂಬ ನಾತ. ಒಡೆದ ಬಕೆಟನ್ನು ಕಾದ ಚೂರಿಯಲ್ಲಿ ಎಷ್ಟು ಚಂದ ಬೆಸೆದಿದ್ದೆ!"

"ಅಕ್ಕ, ಬಕೆಟ್ ಬಿಸಿಗೆ ಕರಗುವ ಪ್ಲಾಸ್ಟಿಕ್. ಇದು ಬೇಕಲೈಟ್, ಸುಟ್ಟರೂ ಕರಗುವುದಿಲ್ಲ. ಕರಗುವುದಾದರೆ ಕುಕ್ಕರನ್ನು ಎಂತದರಲ್ಲಿ ಹಿಡಿದು ಇಳಿಸುವುದು?"

"ಮಸಿಬಟ್ಟೆಯಲ್ಲಿ. ಈಗ ಹಾಗೆಯೇ ಅಲ್ವಾ ಇಳಿಸುವುದು?"

ಹೊಸ ಹಿಡಿ ಕೊಟ್ಟು ಕಳಿಸಿದೆ.

ಗುಜರಿಯವನ ತೀರ್ಪು

ಕಾಪುವಿನ ಬಾಯಮ್ಮನಿಗೆ ನನ್ನ ಮೆಲಮೈನ್ ತಟ್ಟೆಯ ಮೇಲೆ ಸಿಟ್ಟು. "ಗುಜರಿಯವನು ಮುರಿದ ಕುರ್ಚಿ ತೆಗೆದುಕೊಂಡ, ಮಗ್ಗು ತೆಗೆದುಕೊಂಡ. ಬಿರುಕುಬಿಟ್ಟ ಈ ತಟ್ಟೆ ಮಾತ್ರ ಬೇಡವಂತೆ. ಇದೆಂತ ಕಳಪೆ?"

"ಕಳಪೆ ಅಲ್ಲ ಬಾಯಮ್ಮ. ಕುರ್ಚಿ ಬೆಲ್ಲದ ಹಾಗೆ, ಕರಗಿಸಿ ಬೇರೆ ಅಚ್ಚಿಗೆ ಹೊಯ್ಯಬಹುದು. ತಟ್ಟೆ ಬೇಯಿಸಿದ ಮೊಟ್ಟೆ. ಒಮ್ಮೆ ಗಟ್ಟಿಯಾಯಿತೋ, ಎಷ್ಟು ಕಾಯಿಸಿದರೂ ಮೆತ್ತಗಾಗುವುದಿಲ್ಲ."

ಬಾಯಮ್ಮ ತಟ್ಟೆಯನ್ನು ತಿರುಗಿಸಿ ನೋಡಿದರು. "ಅರ್ಥವಾಯಿತು. ನಮ್ಮ ಮನೆಯವರ ಹಾಗೆ."

ಭಟ್ಟರ ಪರೀಕ್ಷೆ

ಕಾರ್ಕಳದಲ್ಲಿ ಮದುವೆ ಅಡುಗೆ ಮಾಡುವ ಭಟ್ಟರು ತಮ್ಮ ತಂಡಕ್ಕೆಲ್ಲ ಹೊಸ ಕಾವಲಿ ಕೊಳ್ಳಲು ಬಂದರು. ಬೇರೆಲ್ಲೋ ಕೊಂಡದ್ದರ ಹಿಡಿ ಒಲೆಯ ಮೇಲೆ ಬಾಗಿಹೋಗಿತ್ತಂತೆ. ಅಂಗಡಿ ತುಂಬ ಗಿರಾಕಿಗಳು. ನಾನು ಮಾರಲಿಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಭಟ್ಟರು ಘೋಷಿಸಿದರು: "ಇಲ್ಲೇ ಕಾಯಿಸಿ ತೋರಿಸಿ. ಹಿಡಿ ಬಾಗಿದರೆ ಹೋದ ಮದುವೆಯಲ್ಲೆಲ್ಲ ನಿಮ್ಮ ಅಂಗಡಿಯ ಹೆಸರು ಹೇಳುತ್ತೇನೆ!"

ಇಷ್ಟು ವರ್ಷ ಗಳಿಸಿದ ಹೆಸರು ಒಂದು ಹಿಡಿಯ ಮೇಲೆ ನಿಂತಿತು. ನಾನು ಗ್ಯಾಸ್ ಹಚ್ಚಿದೆ. ಕಾವಲಿ ಹೊಗೆಯಾಡುವಷ್ಟು ಕಾಯಿತು.

ಭಟ್ಟರು ಎದ್ದು ಬಂದು ಹಿಡಿ ಹಿಡಿದು ಎತ್ತಿದರು, ಅಲ್ಲಾಡಿಸಿದರು, ಎಲ್ಲರಿಗೂ ತೋರಿಸಿದರು. ಒಂದಿಷ್ಟೂ ಬಾಗಲಿಲ್ಲ. ನಾನು ಎದೆಯುಬ್ಬಿಸಿ ನಿಂತೆ.

"ಭೇಷ್ ಮಾರಾಯ್ರೆ!" ಎನ್ನುತ್ತ ನನ್ನ ಕೈ ಕುಲುಕಲು ಅವರು ಕಾವಲಿಯನ್ನು ಸ್ಟೂಲಿನ ಮೇಲೆ ಇಟ್ಟರು.

ಸ್ಟೂಲು ಮೆಲ್ಲಗೆ ಕುಸಿಯಿತು. ಕಾವಲಿ ಅದರ ಹೊಟ್ಟೆಯೊಳಗೆ ಇಳಿದು ಕೂತಿತು. ಹಿಡಿ ಮಾತ್ರ ಹೊರಗೆ, ನೆಟ್ಟಗೆ.

ಭಟ್ಟರು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು.

"ಹಿಡಿ ಗಟ್ಟಿ ಉಂಟು, ಒಪ್ಪಿದೆ. ಎಲ್ಲ ಕಾವಲಿ ನಿಮ್ಮಲ್ಲೇ. ಆದರೆ ಇನ್ನು ನಾನು ಎಲ್ಲಿ ಕೂತು ಚೌಕಾಸಿ ಮಾಡುವುದು?"