ರಾಬರ್ಟ್‌ಸನ್‌ಪೇಟೆಯ ನಮ್ಮ ಸೀರೆ ಅಂಗಡಿ

ಗಿರಾಕಿಯೇ ಬರದ ಅಂಗಡಿಯಲ್ಲಿ ನಗು ಎಲ್ಲಿಂದ ಬರಬೇಕು ಅಂತೀರಾ? ಬರುತ್ತೆ, ಬೇಡವೆಂದರೂ ಬರುತ್ತೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಬೀದಿಯ ಸೀರೆ ಅಂಗಡಿಯೊಂದರಲ್ಲಿ ನಾನು ಸೇಲ್ಸ್ ಕೆಲಸಕ್ಕಿದ್ದೆ. ದಿನಾ ಬೆಳಿಗ್ಗೆ ಅಂಗಡಿಗೆ ಬರಲು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಕಾಲು ಚಾಚಿ ಕೂರುವಷ್ಟು ಜಾಗ. ಬೆಂಗಳೂರಿಗೆ ಹೋಗುವ ರೈಲು ಮಾತ್ರ ತುಂಬಿ ತುಳುಕುತ್ತಿತ್ತು. ನಮ್ಮ ಗಿರಾಕಿಗಳೆಲ್ಲ ಅದರಲ್ಲೇ ಇದ್ದರು.

ನಾವೇ ಗಿರಾಕಿಗಳು

ಹಬ್ಬ ಹತ್ತಿರ ಬಂದಿತ್ತು. ಬೀದಿ ತುಂಬ ಜನ, ಆದರೆ ಎಲ್ಲರೂ ಪಕ್ಕದ ಮೊಬೈಲ್ ಅಂಗಡಿಗೆ. ನಮ್ಮ ಸಾವ್ಕಾರ್ರಿಗೆ ಒಂದು ಉಪಾಯ ಹೊಳೆಯಿತು.

"ಜನ ಇರೋ ಕಡೆಗೇ ಜನ ಬರ್ತಾರಮ್ಮಾ. ನೀವೆಲ್ಲ ಈ ಕಡೆ ಬಂದು ಕೂತ್ಕೊಂಡು ಸೀರೆ ನೋಡಿ."

ಅಂಗಡಿ ಕೆಲಸದ ಹೆಂಗಸರೆಲ್ಲ ಗಿರಾಕಿಗಳಾಗಿ ಕೂತೆವು. ಸಾವ್ಕಾರ್ರೇ ಸೀರೆ ಬಿಡಿಸಿ ತೋರಿಸಿದರು. ನಾನಂತೂ "ಬಾರ್ಡರ್ ಸಣ್ಣದಾಯ್ತು" ಅಂತ ಮೂಗು ಮುರಿದೆ. ಅಷ್ಟರಲ್ಲಿ ನಿಜವಾದ ಗಿರಾಕಿಯೊಬ್ಬಳು ಬಾಗಿಲಲ್ಲಿ ನಿಂತು ಇಣುಕಿದಳು.

"ಅಯ್ಯೋ, ಇಷ್ಟೊಂದು ರಶ್ಶಾ! ಆಮ್ಯಾಲೆ ಬತ್ತೀನಿ ಬಿಡಿ."

ಹೋದವಳು ಬರಲೇ ಇಲ್ಲ. ಸಾವ್ಕಾರ್ರು ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿದರು. "ನೀನಾದ್ರೂ ಒಂದು ತಗೊಳ್ಳಮ್ಮಾ."

ನಮ್ಮೋಳು

ಕಾಮಸಮುದ್ರದ ಕಡೆಯಿಂದ ತಾಯಿ, ಮಗಳು ನಿಶ್ಚಿತಾರ್ಥದ ಸೀರೆಗೆ ಬಂದರು. ಬಿಡಿಸಿ ಬಿಡಿಸಿ ನನ್ನ ರಟ್ಟೆ ಬಿದ್ದುಹೋಯಿತು. ಕೊನೆಗೊಂದು ಹಸಿರು ಸೀರೆ ಒಪ್ಪಿಗೆಯಾಯಿತು. ತಾಯಿ ಮಗಳಿಗೆ, "ಫೋಟೋ ಇಡ್ಕೊಳ್ಳಮ್ಮಿ" ಅಂದಳು. ಮೊಬೈಲಲ್ಲಿ ಸೀರೆಯ ಫೋಟೋ ಹಿಡಿದುಕೊಂಡು, ಸೀರೆ ಕೊಳ್ಳದೇ ಹೋದರು.

ಮುಂದಿನ ವಾರ ಬೆಂಗಳೂರಿನ ದೊಡ್ಡ ಅಂಗಡಿಯ ಚೀಲ ಹಿಡಿದು ಅದೇ ತಾಯಿ ಬಂದಳು. ಮುಖದಲ್ಲಿ ಸಂಭ್ರಮವೋ ಸಂಭ್ರಮ.

"ನೋಡಕ್ಕಾ, ನೀನ್ ತೋರ್ಸಿದ್ದೇ ಸಿಕ್ತು!"

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ?" ಅಂದೆ.

"ಫಾಲ್ಸ್ ಆಕಿಸ್ಬೇಕಿತ್ತು. ಅಲ್ಲಿಯೋರ್ನ ನಂಬಕ್ಕಾಯ್ತದಾ? ನೀನಾದ್ರೆ ನಮ್ಮೋಳು."

ಕೊನೆಯ ವ್ಯಾಪಾರ

ಕಡೆಗೆ ಸಾವ್ಕಾರ್ರು ಸೋತರು. 'ಅಂಗಡಿ ಮುಚ್ಚುತ್ತಿದ್ದೇವೆ, ಎಲ್ಲ ಅರ್ಧ ಬೆಲೆ' ಅಂತ ಬ್ಯಾನರ್ ಕಟ್ಟಿಸಿದರು. ಮಾರನೇ ದಿನ ನಾನು ಬರುವಷ್ಟರಲ್ಲಿ ಜನ ಬೀದಿ ತುದಿಯವರೆಗೂ ನಿಂತಿದ್ದರು. ಕನ್ನಡ, ತಮಿಳು, ತೆಲುಗು, ಮೂರರಲ್ಲೂ ಕೂಗಾಟ. ಒಂದೇ ಸೀರೆಯ ಎರಡು ತುದಿ ಹಿಡಿದು ಇಬ್ಬರು ಬೀಗಿತ್ತಿಯರ ಜಗಳ. ನಮಗೆ ಊಟಕ್ಕೂ ಪುರುಸೊತ್ತಿಲ್ಲ.

ಸಂಜೆ ಬರಿದಾದ ಬೀರುಗಳನ್ನು ನೋಡುತ್ತಾ ಸಾವ್ಕಾರ್ರು ಮೆಲ್ಲಗೆ, "ಇವರೆಲ್ಲ ಇಷ್ಟು ದಿನ ಇದೇ ಊರಲ್ಲಿದ್ರಾಮ್ಮಾ?" ಅಂದರು.

ಆಗ ಎರಡೂ ಕೈಯಲ್ಲಿ ಚೀಲ ಹಿಡಿದ ಹೆಂಗಸೊಬ್ಬಳು ಅವರ ಮುಂದೆ ನಿಂತಳು. "ಎಂಥಾ ಅಂಗಡಿ! ನೀವು ಮುಚ್ತಿರೋದು ನೋಡಿ ಒಟ್ಟೆ ಉರೀತದೆ ಕಣಣ್ಣಾ."

ಸಾವ್ಕಾರ್ರ ಕಣ್ಣು ತುಂಬಿ ಬಂತು. "ಅಷ್ಟು ಅಂದ್ರಲ್ಲಮ್ಮಾ, ಸಾಕು" ಅಂತ ಕೈ ಮುಗಿದರು.

ಅವಳು ಹೊರಟವಳು ಮೆಟ್ಟಿಲ ಮೇಲೆ ನಿಂತು ತಿರುಗಿದಳು.

"ಬರೋ ವರ್ಷ ಯಾವಾಗ ಮುಚ್ತೀರಾ ಅಂತ ಮುಂಚೇನೇ ಏಳಿ ಅಣ್ಣಾ, ನಮ್ಮ ತಂಗೀನೂ ಕರ್ಕೊಂಡ್ ಬತ್ತೀನಿ."