ಕರ್ನಲ್ ಬಂದ ಭಾನುವಾರ

ಮಂಡ್ಯದಲ್ಲಿ ನನ್ನಷ್ಟು ಕಂಪ್ಯೂಟರ್ ಬಲ್ಲ ಗಂಡ ಇನ್ಯಾವ ಹೆಂಗಸಿಗೂ ಸಿಕ್ಕಿಲ್ಲ ಎಂದು ನಾನು ನಂಬಿದ್ದೆ. (ಸಿಕ್ಕವಳ ಅಭಿಪ್ರಾಯ ಕೇಳಿರಲಿಲ್ಲ, ಅಷ್ಟೆ.)

ನಮ್ಮ ಮನೆಗೆ ಇಂಟರ್ನೆಟ್ಟು ಎಲ್ಲರ ಮನೆಯಂತೆ ಅಂಗಡಿಯ ಡಬ್ಬಿಯಿಂದ ಬರುವುದಿಲ್ಲ. ಹಳೆಯ ಕಂಪ್ಯೂಟರೊಂದಕ್ಕೆ ನಾನೇ ಎರಡು ನೆಟ್‌ವರ್ಕ್ ಕಾರ್ಡು ಸಿಕ್ಕಿಸಿ, ಒಂದಕ್ಕೆ ಬೀದಿಯ ವೈರು, ಇನ್ನೊಂದಕ್ಕೆ ಮನೆಯೊಳಗಿನ ವೈರು ಕೊಟ್ಟು ಲೋಕಸಂಪರ್ಕ ಸ್ಥಾಪಿಸಿದ್ದೆ.

ಆ ಭಾನುವಾರ ನನ್ನ ಹೆಂಡತಿ ಶಶಿರೇಖಾ ಮಹಿಳಾ ಸಂಘಗಳ ಆನ್‌ಲೈನ್ ಸಭೆಯಲ್ಲಿ ತಾನು ಮಾಡಿ ಮಾರುವ ರಾಗಿ ಹುರಿಹಿಟ್ಟಿನ ಬಗ್ಗೆ ಮಾತಾಡಬೇಕಿತ್ತು. ಜನ್ಮದ ಮೊದಲ ಭಾಷಣ. ರೇಷ್ಮೆ ಸೀರೆ ಉಟ್ಟಾಗಿತ್ತು. ಮಗಳ ಭಾಷಣ ಕೇಳಲು ದುದ್ದದಿಂದ ನಮ್ಮತ್ತೆ ಮಂಚಮ್ಮನವರೂ ಬಂದಿದ್ದರು. ಮಾತಿನ ನಡುವೆ ನೆಟ್ಟು ತಡವರಿಸದಿರಲಿ ಎಂಬ ಸದುದ್ದೇಶದಿಂದ ನಾನು ಬೆಳಿಗ್ಗೆಯೇ ಆ ಯಂತ್ರವನ್ನು ಒಳಗಿನಿಂದ ಆಳುವ ‘ಕರ್ನಲ್’ ಎಂಬ ತಂತ್ರಾಂಶವನ್ನು ಹೊಸದಾಗಿಸಿದೆ. ನೆಟ್ಟು ನಿಂತುಹೋಯಿತು.

“ಏನ್ರೀ ಮಾಡುದ್ರಿ?” ಶಶಿರೇಖಾ ಬಾಗಿಲಲ್ಲಿ ನಿಂತಳು.

“ಹೊಸ ಕರ್ನಲ್ ಬಂದಿದೆ. ಅದು ಎರಡು ಕಾರ್ಡಿನ ಹೆಸರನ್ನ ಅದಲುಬದಲು ಮಾಡಿ, ಬೀದಿಯ ವೈರನ್ನ ಮನೆಯದು ಅಂದ್ಕೊಂಡುಬಿಟ್ಟಿದೆ.”

“ಕರ್ನಲ್ ಬಂದವ್ರಾ?” ಅತ್ತೆ ಗಾಬರಿಯಾದರು. “ಮಿಲಿಟ್ರಿಯವ್ರು ಜಾಸ್ತಿ ಉಣ್ತಾರೆ ಕಣಮ್ಮ, ಇನ್ನೊಂದ್ ಪಾವು ಅಕ್ಕಿ ಆಕು. ಅಲ್ಲ ಅಳಿಯಂದ್ರೆ, ರೇಷನ್ ಕಾರ್ಡಲ್ಲಿ ಎಸ್ರು ಬದಲಾಯ್ಸಕ್ಕೆ ಅವ್ರ್ಯಾರು?”

“ಎಸ್ರು ಅದಲುಬದಲಾಗಿದ್ರೆ ವೈರೂ ಅದಲುಬದಲು ಮಾಡ್ಬುಡಿ, ಸರಿಯೋಯ್ತದೆ,” ಎಂದಳು ಶಶಿರೇಖಾ.

ನಾನು ಕನಿಕರದಿಂದ ನಕ್ಕೆ. ಶಾಸ್ತ್ರವೆಂಬುದೊಂದಿದೆ! ಶಾಸ್ತ್ರೋಕ್ತವಾಗಿ ಕಾರ್ಡುಗಳಿಗೆ ಮರುನಾಮಕರಣ ಮಾಡಿ, ಯಂತ್ರ ಮತ್ತೆ ಶುರುವಾಗುವಷ್ಟರಲ್ಲಿ ಅಡುಗೆಮನೆಗೆ ಹೋಗಿ ಕಾಫಿ ಕುಡಿದು ಬಂದೆ. ನೆಟ್ಟಿಲ್ಲ. ಹೆಸರುಗಳನ್ನು ಮತ್ತೆ ತಿರುಗಿಸಿ ಇನ್ನೊಂದು ಲೋಟ ಕಾಫಿ ಕುಡಿದು ಬಂದೆ. ಆಗಲೂ ಇಲ್ಲ.

“ಇದೇನು ಮಾಟವೋ!” ಎಂದೆ.

“ಮಾಟ ಏನಿಲ್ಲ ಬುಡಿ ಅಳಿಯಂದ್ರೆ,” ಎಂದರು ಅತ್ತೆ. “ನೀವು ಕಾಪಿಗೆ ಓದಾಗ್ಲೆಲ್ಲ ಇವ್ಳು ವೈರ ಕಿತ್ತು ಅದ್ರುದ್ನ ಇದ್ಕೆ, ಇದ್ರುದ್ನ ಅದ್ಕೆ ಆಕ್ತಾವ್ಳೆ.”

ನಾನು ಸರಿಮಾಡಿದ್ದನ್ನು ಅವಳು, ಅವಳು ಸರಿಮಾಡಿದ್ದನ್ನು ನಾನು, ಹೀಗೆ ಸರದಿಯ ಮೇಲೆ ಕೆಡಿಸುತ್ತಿದ್ದೆವು! ಇದು ನಿಜವಾದ ದಾಂಪತ್ಯ.

“ಈಗ ನೀವು ಏನೂ ಮುಟ್ಬೇಡಿ,” ಎಂದು ಆಜ್ಞಾಪಿಸಿದ ಶಶಿರೇಖಾ, ಸೆರಗು ಸಿಕ್ಕಿಸಿ ವೈರುಗಳನ್ನು ಮತ್ತೊಮ್ಮೆ ಬದಲಿಸಿದಳು. ಪರದೆಯ ಮೇಲೆ ಇಡೀ ಸಭೆ ಪ್ರತ್ಯಕ್ಷವಾಯಿತು! ಆದರೆ ಕಿತ್ತೂ ಕಿತ್ತೂ ಒಂದು ವೈರಿನ ಕ್ಲಿಪ್ಪು ಮುರಿದು ಸಡಿಲವಾಗಿತ್ತು. “ಇದ್ನ ಅದುಮಿ ಇಡ್ಕೊಂಡು ಕೂತಿರಿ,” ಎಂದಳು. ಭಾಷಣ ಮುಗಿಯುವವರೆಗೂ ನಾನು ಬನಿಯನ್ನಿನಲ್ಲಿ, ಅವಳ ಬೆನ್ನ ಹಿಂದಿನ ಮೇಜಿನ ಕೆಳಗೆ, ಲೋಕಸಂಪರ್ಕವನ್ನು ಬೆರಳಲ್ಲಿ ಅದುಮಿಕೊಂಡು ಕೂತಿದ್ದೆ.

ಭಾಷಣ ಅಮೋಘ! ಕೆಟ್ಟ ನೆಟ್ಟನ್ನು ತಾನೇ ರಿಪೇರಿ ಮಾಡಿದ ಕಥೆಗೆ ಹುರಿಹಿಟ್ಟಿಗಿಂತ ಜೋರಾಗಿ ಚಪ್ಪಾಳೆ ಬಿತ್ತು. ಹಿಟ್ಟಿಗೆ ಮಳವಳ್ಳಿಯಿಂದಲೂ ಆರ್ಡರು. ಸಭೆ ಮುಗಿಯುತ್ತಲೇ ಮದ್ದೂರು ಸಂಘದ ಅಂಕಮ್ಮನ ಫೋನು.

“ಸಸಿರೇಖಕ್ಕ, ನಮ್ಮನೆ ನೆಟ್ಟೂ ಕೆಟ್ಟೋಗದೆ. ನೀವೇ ಬಂದು ನೋಡ್ಬೇಕು ಕಣಕ್ಕ. ಮೇಜಿನ ಕೆಳಗೆ ಕುಂತಿದ್ನಲ್ಲ, ಆ ಆಳ್ನೂ ಕರ್ಕೊಂಡು ಬನ್ನಿ.”

ಶಶಿರೇಖಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಆಯ್ತು ಅಂಕಮ್ಮ, ಕರ್ಕೊಂಡ್ ಬತ್ತೀನಿ,” ಎಂದಳು. “ನಿಯತ್ತಿನ ಆಳು. ಕಾಪಿ ಮಾತ್ರ ಜಾಸ್ತಿ ಕುಡೀತಾನೆ.”