ಪಿಸ್ತೂಲಿಗೆ ಹುಣಸೆಹಣ್ಣು

ಜಿರಲೆ ಕಂಡರೆ ಕುರ್ಚಿ ಹತ್ತುವವರಿಗೇ ಆಯುಧಗಳ ಮೇಲೆ ವಿಶೇಷ ವ್ಯಾಮೋಹವಿರುತ್ತದೆಂದು ನನ್ನ ನಂಬಿಕೆ. ಉದಾಹರಣೆಗೆ ದೂರ ಹೋಗಬೇಕಿಲ್ಲ, ನಾನೇ ಇದ್ದೇನೆ. ಇಂಗ್ಲಿಷರ ನಾಡಿನ ರೇನರ್ಸ್ ಲೇನ್ ಬಡಾವಣೆಯ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ, ಒಂದು ಕಾಲಕ್ಕೆ ಜಪಾನಿ ಸೇನಾಧಿಕಾರಿಗಳ ಸೊಂಟದಲ್ಲಿದ್ದ ಮೂರು ಪಿಸ್ತೂಲುಗಳಿವೆ. ಹೆದರಬೇಡಿ, ಮೂರೂ ಗುಂಡು ಹಾರದಂತೆ ಮಾಡಿ ಪ್ರಮಾಣಪತ್ರ ಕೊಟ್ಟಂಥವು. "ಟ್ಯೂಬ್ ರೈಲಲ್ಲಿ ಒಂದು ಸೀಟಿಗೆ ಜಗಳ ಆಡಕ್ಕೆ ಬರಲ್ಲ, ಮನೇಲಿ ಮಾತ್ರ ಮೂರು ಪಿಸ್ತೂಲು!" ಎಂದು ಹೆಂಡತಿ ಸುಮಾ ಹಂಗಿಸುತ್ತಾಳೆ.

ಮೂರನೆಯದು ಪಕ್ಕದ ಮನೆಯಲ್ಲಿದ್ದ ಮುದುಕ ಆರ್ಥರ್ ಕೊಟ್ಟದ್ದು. ಬರ್ಮಾದಲ್ಲಿ ಯುದ್ಧ ಮುಗಿದಾಗ ಶರಣಾದ ಅಧಿಕಾರಿಯೊಬ್ಬ ಅವರ ತಂದೆಗೆ ಒಪ್ಪಿಸಿದ್ದಂತೆ. ಆರ್ಥರ್ ಆ ಮನೆ ಬಿಟ್ಟು ಸಣ್ಣ ಫ್ಲ್ಯಾಟಿಗೆ ಹೋಗುವಾಗ ನನ್ನನ್ನು ಕರೆದು, "ಅಪ್ಪ ಇಟ್ಟಿದ್ದ ಹಾಗೇ ಇಟ್ಟುಕೋ, ಅಷ್ಟೇ ಸಾಕು" ಎಂದರು. ಮಾತು ಕೊಟ್ಟೆ. ಹಳೆಯ ವಸ್ತುವನ್ನು ತಿಕ್ಕಬಾರದೆಂಬುದು ಸಂಗ್ರಾಹಕರ ಮೊದಲ ಪಾಠ. ಅದರ ಮೇಲಿದ್ದ ಕಂದು ಲೇಪಕ್ಕೆ ನಾನು ಉಸಿರೂ ತಾಗಿಸಲಿಲ್ಲ. "ಇದು ಇತಿಹಾಸದ ಬಣ್ಣ" ಎಂದು ಬಂದವರಿಗೆಲ್ಲ ಚಹಾ ಆರುವವರೆಗೆ ಕೊರೆಯುತ್ತಿದ್ದೆ.

ಈ ಸಲದ ಆಯುಧಪೂಜೆಗೆ ಧಾರವಾಡದಿಂದ ಅತ್ತೆ ಬಂದಿದ್ದರು. ಆರ್ಥರರನ್ನೂ ಊಟಕ್ಕೆ ಕರೆದಿದ್ದೆವು. ಹೇಸ್‌ನಲ್ಲಿರುವ ನನ್ನ ಆಫೀಸಿನಿಂದ ಅರ್ಧ ದಿನದ ರಜೆ ಹಾಕಿ ಬಂದು ನೋಡಿದರೆ, ಕಾರಿನ ಕೀಲಿಗೂ ನನ್ನ ಲ್ಯಾಪ್‌ಟಾಪಿಗೂ ನಡುವೆ ಆ ಪಿಸ್ತೂಲು ಕುಂಕುಮ, ಚೆಂಡುಹೂವಿನೊಂದಿಗೆ ಫಳಫಳ ಹೊಳೆಯುತ್ತಿತ್ತು.

"ಹುಣಸಿಹಣ್ಣ ಹಚ್ಚಿ ತಿಕ್ಕೀನ್ರೀ ಅಳಿಯಂದ್ರ. ಹೊಲಸ ಆಯುಧಕ್ಕ ಪೂಜಿ ಹೆಂಗ ಮಾಡೂದು? ಉಳಿದ ಎರಡು ಊಟಾದ್ಮ್ಯಾಲೆ" ಎಂದರು ಅತ್ತೆ.

ನಂಬಿ ಕೊಟ್ಟ ಮುದುಕನಿಗೆ ಹೇಗೆ ಮುಖ ತೋರಿಸಲಿ? ಬಚ್ಚಿಡೋಣವೆನ್ನುವಷ್ಟರಲ್ಲಿ ಆರ್ಥರ್ ಒಳಗೇ ಬಂದರು. ಕನ್ನಡಕ ಏರಿಸಿ, ಪಿಸ್ತೂಲನ್ನು ಎತ್ತಿಕೊಂಡು ಹೊರಳಿಸಿ ಹೊರಳಿಸಿ ನೋಡಿದರು. ಅವರ ಕಣ್ಣು ತುಂಬಿತ್ತು.

"ಅಪ್ಪ ಪ್ರತಿ ಭಾನುವಾರ ಇದನ್ನು ತಿಕ್ಕಿ ಹೀಗೇ ಹೊಳೆಸುತ್ತಿದ್ದ. ಅವನು ಹೋದ ಮೇಲೆ ನಾನು ಶೆಡ್ಡಿಗೆ ಎಸೆದು ತುಕ್ಕು ಹಿಡಿಸಿಬಿಟ್ಟೆ. ನೀನು ಮಾತು ಉಳಿಸಿಕೊಂಡೆ ಕಣಪ್ಪಾ" ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು.

ನಾನು ವರ್ಷಗಟ್ಟಲೆ ಕಾಪಾಡಿದ ಇತಿಹಾಸ ಶೆಡ್ಡಿನ ತೇವವಾಗಿತ್ತು! ಆ ಕ್ಷಣ ಅತ್ತೆಯ ಮೇಲೆ ಉಕ್ಕಿದ ಕೃತಜ್ಞತೆಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಬೆರಳಿಗಂಟಿದ ಹುಣಸೆ ಒರೆಸಿಕೊಳ್ಳುತ್ತ ಅವರು, "ಏನಂತಾರ ಸಾಹೇಬ್ರು?" ಎಂದು ಕೇಳಿದರು.

ಕಪಾಟಿನಲ್ಲಿ ಉಳಿದಿದ್ದ ಎರಡು ಪಿಸ್ತೂಲುಗಳತ್ತ ಒಮ್ಮೆ ನೋಡಿ, "ನಿಮ್ಮ ಹೋಳಿಗೆ ವಾಸನೆ ಬಾಗಿಲವರೆಗೆ ಬಂದಿತ್ತಂತೆ" ಎಂದೆ.